ಊರ ಮನೆಯ ಟಿವಿಗೆ ನಿಮ್ಮ ಫೋನು

ಗೌರಿಹಬ್ಬಕ್ಕೋ ಯುಗಾದಿಗೋ ಬೆಂಗಳೂರಿನಿಂದ ಊರಿಗೆ ಬರುವ ಮಕ್ಕಳೇ, ಬಂದ ಸಂಜೆಯೇ ನಿಮ್ಮಲ್ಲಿ ಬಹಳ ಜನ ಮಾಡುವ ಕೆಲಸ ಒಂದಿದೆ. ಹಾಸನದ ಹೊಸ ಬಡಾವಣೆಯ ಮನೆಯಿರಲಿ, ಹೊಳೇನರಸೀಪುರದ ಹಳೇ ಹೆಂಚಿನ ಮನೆಯಿರಲಿ, ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಯುವ ಹಳ್ಳಿಯಿರಲಿ, ಚನ್ನರಾಯಪಟ್ಟಣದ ತೆಂಗಿನ ತೋಟದ ನಡುವಿನ ಮನೆಯಿರಲಿ, ಜೇಬಿನ ಫೋನನ್ನು ಗೋಡೆಯ ಟಿವಿಗೆ ಸೇರಿಸುತ್ತೀರಿ. ತಮ್ಮನ ಮದುವೆಯ ವಿಡಿಯೊ, ಮಗುವಿನ ಶಾಲೆಯ ಕುಣಿತ, ಪ್ರವಾಸದ ಫೋಟೊಗಳು. ಮನೆ ತುಂಬಿಕೊಳ್ಳುತ್ತದೆ. ಭಾನುವಾರ ಸಂಜೆ ನೀವು ಬಸ್ಸು ಹತ್ತುತ್ತೀರಿ. ಸೋಮವಾರ ಬೆಳಿಗ್ಗೆ ಅಜ್ಜಿ ಟಿವಿ ಹಾಕಿದರೆ ಪರದೆಯ ತುಂಬ ‘ನೋ ಸಿಗ್ನಲ್’. ಸೋರ್ಸ್ ಎಚ್‌ಡಿಎಂಐ ಎರಡರಲ್ಲಿ ನಿಂತಿದೆ, ಡಿಶ್ಶಿನ ಬಾಕ್ಸ್ ಇರುವುದು ಒಂದರಲ್ಲಿ. ಅಜ್ಜಿಗೆ ಅದು ಗೊತ್ತಿಲ್ಲ. ನಿಮಗೆ ಫೋನು ಮಾಡುವುದೂ ಇಲ್ಲ. ಹುಡುಗ ಆಫೀಸಿನಲ್ಲಿರುತ್ತಾನೆ, ಸಣ್ಣದಕ್ಕೆಲ್ಲ ತೊಂದರೆ ಕೊಡಬಾರದು ಎನ್ನುವುದು ಅವರ ಲೆಕ್ಕ. ಎರಡು ದಿನ ಟಿವಿ ಇಲ್ಲದೆ ಕೂತು, ಮೂರನೇ ದಿನ ರಿಪೇರಿಯವನಿಗೆ ಹೇಳಿ ಕಳಿಸುತ್ತಾರೆ.

ಆ ರಿಪೇರಿಯವನು ನಾನು. ಆಂಟೆನಾ ಕಾಲದಿಂದ ಈ ನಾಲ್ಕು ತಾಲ್ಲೂಕುಗಳ ಮನೆಗಳಿಗೆ ಸ್ಕ್ರೂಡ್ರೈವರ್ ಹಿಡಿದು ಹೋಗಿ ಬಂದವನು. ಈಗ ನನ್ನನ್ನು ಕರೆಸುವ ಮನೆಗಳಲ್ಲಿ ಎಷ್ಟೋ ಕಡೆ ಟಿವಿ ಕೆಟ್ಟೇ ಇರುವುದಿಲ್ಲ. ಒಂದು ಗುಂಡಿ ಒತ್ತಿದರೆ ಆಯಿತು. ಆ ಗುಂಡಿ ಒತ್ತಿ ದುಡ್ಡು ತೆಗೆದುಕೊಳ್ಳಲು ನನಗೆ ಕೈ ಬರುವುದಿಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ: ಫೋನು ಟಿವಿಗೆ ಜೋಡಿಸುವುದಾದರೆ, ನೀವು ಹೋದ ಮೇಲೂ ಮನೆಯಲ್ಲಿ ಉಳಿಯುವವರಿಗೆ ಅದು ನಡೆಯುವ ಹಾಗೆ ಜೋಡಿಸಿ.

ಟಿವಿ ನಮ್ಮ ಜಿಲ್ಲೆಗೆ ಹೇಗೆ ಬಂತು ಎಂದು ಸ್ವಲ್ಪ ಹೇಳಬೇಕು, ಏಕೆಂದರೆ ಆಗ ಇದ್ದದ್ದೊಂದು ಈಗ ಕಳೆದುಹೋಗಿದೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಬಂತು. ಜನ ಇವತ್ತಿಗೂ ಎಂಸಿಎಫ್ ಎಂದೇ ಕರೆಯುತ್ತಾರೆ. ಮೊದಲ ಇನ್ಸಾಟ್ ಉಪಗ್ರಹ 1982ರ ಏಪ್ರಿಲ್‌ನಲ್ಲಿ ಹೋಗಿ, ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟ್ 30ರಂದು ಹೋದ ಇನ್ಸಾಟ್-1ಬಿ ಮಾತ್ರ ನಿಂತಿತು. ದೇಶದ ಮೂಲೆಮೂಲೆಯ ಟ್ರಾನ್ಸ್‌ಮಿಟರುಗಳಿಗೆ ಚಿತ್ರ ಇಳಿಸಿದ್ದು ಅದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿದ್ದ ಆ ಉಪಗ್ರಹವನ್ನು ಇದ್ದ ಜಾಗದಿಂದ ಕದಲದ ಹಾಗೆ ಹಿಡಿದು ನಿಲ್ಲಿಸುತ್ತಿದ್ದವರು ನಮ್ಮ ಹಾಸನದಲ್ಲಿ ಕೂತ ಎಂಜಿನಿಯರುಗಳು. ಇದನ್ನು ನೆನೆದರೆ ನನಗೆ ಇಂದಿಗೂ ಎದೆ ತುಂಬುತ್ತದೆ.

ಆದರೆ ಹಳ್ಳಿಯ ಮನೆಯಲ್ಲಿ ಆ ಚಿತ್ರ ಹಿಡಿಯುತ್ತಿದ್ದ ಬಗೆಯೇ ಬೇರೆ. ಹುಡುಗ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವನು, ಅಪ್ಪ ಅಂಗಳದಲ್ಲಿ ನಿಂತು ಮಾತು ದಾಟಿಸುವನು, ಒಳಗಿನಿಂದ ಅವ್ವ ‘ಬಂತು, ಬಂತು, ಅಲ್ಲೇ ಬಿಡು’ ಎಂದು ಕೂಗುವಳು. ಎಲ್ಲರೂ ಸೇರಿ ಹಿಡಿದ ಚಿತ್ರವಾದ್ದರಿಂದ, ಆಷಾಢದ ಗಾಳಿಗೆ ಆಂಟೆನಾ ಸರಿದರೆ ಯಾವ ಕಡೆಗೆ ಎಷ್ಟು ತಿರುಗಿಸಬೇಕೆಂದು ಮನೆಯ ಎಲ್ಲರಿಗೂ ಗೊತ್ತಿತ್ತು. ಈಗ ನೀವು ಸೋಫಾ ಮೇಲೆ ಕೂತು, ಅರ್ಧ ನಿಮಿಷದಲ್ಲಿ, ಯಾರ ಹತ್ತಿರವೂ ಒಂದು ಮಾತಾಡದೆ ಜೋಡಿಸಿಬಿಡುತ್ತೀರಿ. ವಿದ್ಯೆ ನಿಮ್ಮ ಬೆರಳಲ್ಲಿ ಬಂದು ನಿಮ್ಮ ಬೆರಳಲ್ಲೇ ಹೊರಟುಹೋಗುತ್ತದೆ.

ಆದ್ದರಿಂದ ಮೊದಲ ಮಾತು: ನಿಮ್ಮ ಫೋನಿನಿಂದ ಜೋಡಿಸಬೇಡಿ, ಅಪ್ಪನ ಫೋನಿನಿಂದ ಜೋಡಿಸಿ. ಇದರಲ್ಲಿ ದೊಡ್ಡ ಅರ್ಥವಿದೆ. ನಿಮ್ಮದು ಐಫೋನಾದರೆ ಅದು ಏರ್‌ಪ್ಲೇ ಎನ್ನುವ ದಾರಿಯಲ್ಲಿ ಹೋಗುತ್ತದೆ. ಅಪ್ಪನ ಆಂಡ್ರಾಯ್ಡ್ ಫೋನಿಗೆ ಆ ದಾರಿ ಇಲ್ಲ, ಅದು ಹೋಗುವುದು ಮಿರಾಕಾಸ್ಟ್ ಅಥವಾ ಗೂಗಲ್ ಕ್ಯಾಸ್ಟ್ ಮೂಲಕ. ಫೋನಿನಲ್ಲಿ ಅದರ ಹೆಸರೂ ಒಂದೇ ಇರುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ‘ಸ್ಮಾರ್ಟ್ ವ್ಯೂ’, ಬೇರೆಯವುಗಳಲ್ಲಿ ‘ಕ್ಯಾಸ್ಟ್’, ‘ವೈರ್‌ಲೆಸ್ ಡಿಸ್‌ಪ್ಲೇ’, ‘ಸ್ಕ್ರೀನ್ ಮಿರರಿಂಗ್’. ನಿಮ್ಮ ಫೋನು ಸೇರಿತು ಎಂದ ಮಾತ್ರಕ್ಕೆ ಅಪ್ಪನ ಫೋನೂ ಸೇರೀತು ಎನ್ನಲಾಗದು. ಅಪ್ಪನ ಫೋನಿನಲ್ಲಿ ಯಾವ ಚಿಹ್ನೆ, ಟಿವಿಯ ಯಾವ ಹೆಸರು ಎಂದು ಅವರ ಬೆರಳಿನಿಂದಲೇ ಮಾಡಿಸಿ. ನೀವು ಮಾಡಿ ತೋರಿಸಿದರೆ ಅವರು ‘ಹ್ಞೂಂ, ಗೊತ್ತಾಯ್ತು’ ಎನ್ನುತ್ತಾರೆ, ಗೊತ್ತಾಗಿರುವುದಿಲ್ಲ. ಅವರೇ ಮಾಡಲಿ, ನೀವು ಕೈ ಕಟ್ಟಿಕೊಂಡು ಪಕ್ಕದಲ್ಲಿರಿ. ಕೈ ಕಟ್ಟಿ ಕೂರುವುದು ಕಷ್ಟ, ನನಗೂ ಗೊತ್ತು. ಆದರೂ ಕೂರಿ.

ಮಿರರಿಂಗ್ ಬೇರೆ, ಕ್ಯಾಸ್ಟಿಂಗ್ ಬೇರೆ. ಈ ಎರಡರ ನಡುವಿನ ಭೇದ ತಿಳಿದವನಿಗೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಮಿರರಿಂಗ್ ಎಂದರೆ ಹೊಳೆಯಿಂದ ನೀರನ್ನು ಕೊಡದಲ್ಲಿ ತಲೆಯ ಮೇಲೆ ಹೊತ್ತು ತರುವುದು, ಕ್ಯಾಸ್ಟಿಂಗ್ ಎಂದರೆ ಹೇಮಾವತಿ ನಾಲೆಯ ತೂಬು ಎತ್ತಿ ಗದ್ದೆಗೆ ನೀರು ತಾನೇ ಹರಿಯಲು ಬಿಡುವುದು. ಮಿರರಿಂಗ್‌ನಲ್ಲಿ ಫೋನಿನ ಪರದೆ ಇದ್ದ ಹಾಗೆಯೇ ಟಿವಿಗೆ ಹೋಗುತ್ತದೆ. ಇಡೀ ಹೊರೆ ಫೋನಿನದು, ಬ್ಯಾಟರಿ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ, ಬಂದ ಮೆಸೇಜೂ ಟಿವಿಯಲ್ಲಿ ಕಾಣುತ್ತದೆ. ಕ್ಯಾಸ್ಟಿಂಗ್‌ನಲ್ಲಿ ಫೋನು ಟಿವಿಗೆ ವಿಡಿಯೊದ ವಿಳಾಸ ಮಾತ್ರ ಹೇಳುತ್ತದೆ, ಟಿವಿಯೋ ಅದಕ್ಕೆ ಸಿಕ್ಕಿಸಿದ ಡಾಂಗಲ್ಲೋ ನೇರವಾಗಿ ಇಂಟರ್ನೆಟ್‌ನಿಂದ ತರಿಸಿಕೊಳ್ಳುತ್ತದೆ. ಆಮೇಲೆ ಅಪ್ಪ ಅದೇ ಫೋನಿನಲ್ಲಿ ಮಾತಾಡಬಹುದು, ಚಿತ್ರ ನಿಲ್ಲುವುದಿಲ್ಲ. ಯೂಟ್ಯೂಬ್ ತೋರಿಸಲು ಮಿರರಿಂಗ್ ಮಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಯೂಟ್ಯೂಬ್‌ನೊಳಗೇ ಕ್ಯಾಸ್ಟ್ ಚಿಹ್ನೆ ಇದೆ, ಅದನ್ನು ಒತ್ತಿ. ಸಿನಿಮಾ ಆಪ್‌ಗಳನ್ನು ಮಿರರ್ ಮಾಡಿದಾಗ ಶಬ್ದ ಬಂದು ಚಿತ್ರ ಕಪ್ಪಾಗಿದ್ದರೆ ಟಿವಿಯ ದೋಷವಲ್ಲ. ನಕಲು ಮಾಡದಿರಲೆಂದು ಆ ಆಪ್‌ನವರೇ ಹಾಕಿದ ಬೀಗ ಅದು.

ಹಾಸನದ ಪಿಜಿಗಳಲ್ಲಿ, ಹಾಸ್ಟೆಲುಗಳಲ್ಲಿ ಇರುವ ಹುಡುಗರು ಇನ್ನೊಂದು ಗಮನಿಸಬೇಕು. ಒಂದೇ ವೈಫೈನಲ್ಲಿ ನಾಲ್ಕೈದು ಟಿವಿ ಇದ್ದರೆ ಕ್ಯಾಸ್ಟ್ ಪಟ್ಟಿಯಲ್ಲಿ ಎಲ್ಲವೂ ಕಾಣುತ್ತವೆ. ಹೆಸರು ಓದದೆ ಒತ್ತಿದರೆ ನಿಮ್ಮ ವಿಡಿಯೊ ಪಕ್ಕದ ಕೋಣೆಯಲ್ಲಿ ಶುರುವಾಗುತ್ತದೆ. ಟಿವಿಗೆ ನಿಮ್ಮದೇ ಒಂದು ಹೆಸರಿಡಿ.

ಈಗ ಹಳ್ಳಿಯ ನಿಜವಾದ ಪ್ರಶ್ನೆಗೆ ಬರೋಣ. ಪಟ್ಟಣದಲ್ಲಿರುವ ನಿಮಗೆ ವೈಫೈ ಇದೆ. ಊರಿನ ಎಷ್ಟೋ ಮನೆಗಳಲ್ಲಿ ಅಪ್ಪನ ಫೋನಿನ ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕೇ ಇಡೀ ಮನೆಯ ಇಂಟರ್ನೆಟ್. ಎಚ್‌ಡಿ ಗುಣಮಟ್ಟದಲ್ಲಿ ಒಂದು ಗಂಟೆ ನೋಡಿದರೆ 3 ಜಿಬಿವರೆಗೂ ಹೋಗಬಹುದು. ಅಂದರೆ ಅರ್ಧ ಸಿನಿಮಾಕ್ಕೆ ಅವತ್ತಿನ ಡೇಟಾ ಮುಗಿಯಿತು, ಆಮೇಲೆ ಮಗಳ ವಾಟ್ಸ್ಆಪ್ ಕರೆ ಬಂದರೂ ಹಿಡಿಯುವುದಿಲ್ಲ. ಗುಣಮಟ್ಟವನ್ನು 480ಕ್ಕೆ ಇಳಿಸುವುದು ಹೇಗೆಂದು ತೋರಿಸಿಕೊಡಿ, ಎಂಟಡಿ ದೂರದಿಂದ ನೋಡುವವರಿಗೆ ಅಷ್ಟು ಸಾಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಿರಾಕಾಸ್ಟ್‌ಗೆ ಇಂಟರ್ನೆಟ್ಟೂ ಬೇಡ, ರೌಟರೂ ಬೇಡ. ಫೋನು, ಟಿವಿ ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ಫೋನಿನಲ್ಲಿ ಆಗಲೇ ಇರುವ ಫೋಟೊ, ವಿಡಿಯೊಗಳನ್ನು ಸಿಗ್ನಲ್ಲೇ ಇಲ್ಲದ ಮೂಲೆಯಲ್ಲೂ ತೋರಿಸಬಹುದು.

ಅದಕ್ಕಿಂತ ಸುಲಭದ್ದು ಪೆನ್‌ಡ್ರೈವ್. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಬೂಕನಬೆಟ್ಟದ ದನದ ಜಾತ್ರೆ, ರಾಮನಾಥಪುರದ ತೇರು, ಮೊಮ್ಮಗಳ ನಾಮಕರಣ, ಯಾವುದನ್ನು ನೀವು ಫೋನಿನಲ್ಲಿ ಹಿಡಿದಿದ್ದೀರೋ ಅದನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ ಟಿವಿಯ ಹಿಂದೆ ಸಿಕ್ಕಿಸಿ ಹೋಗಿ. ತಾತನಿಗೆ ಬೇಕೆನಿಸಿದಾಗ ನೋಡುತ್ತಾರೆ, ಡೇಟಾ ಖರ್ಚಿಲ್ಲ. ಆದರೆ ಹಾಕಿದ್ದನ್ನು ಆ ಟಿವಿಯಲ್ಲೇ ಒಮ್ಮೆ ಓಡಿಸಿ ನೋಡಿ. ಹೊಸ ಫೋನುಗಳು ಎಚ್‌ಇವಿಸಿ ಎಂಬ ರೂಪದಲ್ಲಿ ಉಳಿಸುವ ವಿಡಿಯೊ ಹಳೇ ಟಿವಿಗಳಲ್ಲಿ ಓಡದೇ ಇರಬಹುದು, ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್ 264ಕ್ಕೆ ಬದಲಿಸಿಕೊಂಡರೆ ಹೆಚ್ಚಿನವು ಓಡುತ್ತವೆ. ಪೆನ್‌ಡ್ರೈವ್ ಫ್ಯಾಟ್32ರಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ. ಮದುವೆಯ ಮೂರು ಗಂಟೆಯ ವಿಡಿಯೊವನ್ನು ಧಾರೆ, ಆರತಕ್ಷತೆ ಎಂದು ತುಂಡು ಮಾಡಿ ಹಾಕಿ.

ಕೇಬಲ್ ಬಗ್ಗೆ ಒಂದೇ ಮಾತು. ಫೋನಿನ ಚಾರ್ಜರ್ ಕಿಂಡಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಎಲ್ಲ ಫೋನಿಗೂ ಆಗುವುದಿಲ್ಲ. ಕಿಂಡಿಯ ಆಕಾರ ಒಂದೇ ಇದ್ದರೂ ಅದರಿಂದ ಚಿತ್ರ ಹೊರಗೆ ಕಳಿಸುವ ಶಕ್ತಿ ಹತ್ತು ಹದಿನೈದು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಫೋನಿನ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್’ ಎಂದಿದೆಯೇ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಫೋನಿನ ಪಾಠವನ್ನು ಟಿವಿಗೆ ಹಾಕುವುದು ಅವರಿಗೂ ವರ. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದವು, ಆ ಹೊತ್ತಿಗೆ ಕರೆಂಟು ಹೋದರೆ ಪಾಠವೂ ಹೋಯಿತು. ಈಗ ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ನೋಡಬಹುದು. ಒಂದಡಿ ದೂರದ ಸಣ್ಣ ಫೋನಿನಲ್ಲಿ ಕಣ್ಣು ಕಿರಿದು ಮಾಡಿ ನೋಡುವುದಕ್ಕಿಂತ, ಮನೆಯವರ ಎದುರು ದೊಡ್ಡ ಪರದೆಯಲ್ಲಿ ನೋಡುವುದು ಎಲ್ಲ ರೀತಿಯಿಂದಲೂ ಮೇಲು. ಆಲೂಗೆಡ್ಡೆಯ ಅಂಗಮಾರಿಯೋ, ತೆಂಗಿನ ಗರಿಯ ಬಿಳಿನೊಣವೋ, ವಿಡಿಯೊದಲ್ಲಿ ದೊಡ್ಡದಾಗಿ ಕಂಡರೆ ಅಪ್ಪ ತನ್ನ ಹೊಲದ ಎಲೆ ತಂದು ಪಕ್ಕದಲ್ಲಿಟ್ಟು ನೋಡಬಹುದು.

ಎಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ವಿಡಿಯೊ ಕರೆ. ಮಗಳು ಹೊರದೇಶದಲ್ಲಿ, ತಾಯಿಗೆ ಕಣ್ಣು ಮಂಜು. ಫೋನಿನ ಅಂಗೈಯಗಲದ ಪರದೆಯಲ್ಲಿ ಮೊಮ್ಮಗು ಕಂಡೂ ಕಾಣದ ಹಾಗೆ. ಅದನ್ನು ಟಿವಿಗೆ ಹಾಕಿಕೊಟ್ಟರೆ ಆ ತಾಯಿಯ ಮುಖ ನೋಡಬೇಕು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ತಾಯಿ ನೋಡುವುದು ಟಿವಿಯನ್ನು, ಅವರನ್ನು ನೋಡುವ ಕ್ಯಾಮೆರಾ ಇರುವುದು ಫೋನಿನಲ್ಲಿ. ಫೋನನ್ನು ಪಕ್ಕದ ಸ್ಟೂಲಿನ ಮೇಲಿಟ್ಟರೆ ಆ ಕಡೆಯ ಮಗುವಿಗೆ ಅಜ್ಜಿಯ ಕಿವಿ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಫೋನನ್ನು ಟಿವಿಯ ಕೆಳಗೆ, ನಡುವಿನಲ್ಲಿ, ಕೂತವರ ಕಣ್ಣಿನ ಎತ್ತರಕ್ಕೆ ಬರುವಂತೆ ಅಡ್ಡಲಾಗಿ ನಿಲ್ಲಿಸಿ. ಒಂದು ಸಣ್ಣ ಸ್ಟ್ಯಾಂಡ್ ತಂದುಕೊಡಿ. ಕಿಟಕಿ ತಾಯಿಯ ಬೆನ್ನ ಹಿಂದೆ ಬಾರದಿರಲಿ, ಮುಖ ಕಪ್ಪಾಗುತ್ತದೆ. ಕರೆಯ ಧ್ವನಿ ಎಷ್ಟೋ ಫೋನುಗಳಲ್ಲಿ ಟಿವಿಗೆ ಹೋಗದೆ ಫೋನಿನ ಸ್ಪೀಕರಿನಲ್ಲೇ ಉಳಿಯುತ್ತದೆ, ಆದ್ದರಿಂದ ತುಟಿಯೂ ಮಾತೂ ತುಸು ಹಿಂದುಮುಂದಾಗಬಹುದು, ಇದನ್ನು ಮೊದಲೇ ಹೇಳಿಡಿ. ಟಿವಿಯಿಂದಲೇ ಧ್ವನಿ ಬಂದರೆ ಅದನ್ನು ತಗ್ಗಿಸಿಡಿ, ಇಲ್ಲದಿದ್ದರೆ ಅದನ್ನು ಫೋನಿನ ಮೈಕು ಹಿಡಿದು ಆ ಕಡೆಯವರಿಗೆ ಅವರದೇ ಮಾತು ಮಾರ್ದನಿಯಾಗಿ ಕೇಳಿಸುತ್ತದೆ. ಚಾರ್ಜರ್ ಹಾಕಿಯೇ ಇರಲಿ. ಈ ವ್ಯವಸ್ಥೆಗೆ ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯನ್ನು ಕೊಡಿ.

ಇನ್ನು ಗಂಭೀರವಾದ ಮಾತು. ಮಿರರಿಂಗ್ ಮಾಡಿದಾಗ ಬ್ಯಾಂಕಿನ ಮೆಸೇಜು, ಓಟಿಪಿ, ಗೆಳೆಯನ ಖಾಸಗಿ ಮಾತು ಎಲ್ಲವೂ ಗೋಡೆಯ ಮೇಲೆ ಬೀಳುತ್ತವೆ. ಮೊದಲೇ ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಳ್ಳಿ. ಟಿವಿಯಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಊರು ಬಿಡುವ ಮೊದಲು ತೆಗೆದುಹಾಕಿ. ಇಷ್ಟು ನಿಮಗೆ ಗೊತ್ತಿರುತ್ತದೆ. ನನಗಿರುವ ಭಯ ಬೇರೆಯದು. ನೀವು ಪ್ರತಿ ಹಬ್ಬಕ್ಕೂ ಫೋನಿನ ಪರದೆಯನ್ನು ಇನ್ನೊಂದು ಕಡೆ ತೋರಿಸುವುದನ್ನು ಅಪ್ಪ ಅಮ್ಮ ನೋಡುತ್ತಾರೆ. ಪರದೆ ತೋರಿಸುವುದು ಸಂತೋಷದ, ನಿರುಪದ್ರವಿ ಕೆಲಸ ಎಂದು ಅವರ ಮನಸ್ಸಿನಲ್ಲಿ ಕೂರುತ್ತದೆ. ಒಂದು ಮಧ್ಯಾಹ್ನ ಯಾರೋ ವಾಟ್ಸ್ಆಪ್‌ನಲ್ಲಿ ಕರೆ ಮಾಡಿ, ಪೊಲೀಸರೆಂದೋ ಬ್ಯಾಂಕಿನವರೆಂದೋ ಹೇಳಿ, ‘ಸ್ಕ್ರೀನ್ ಶೇರ್ ಒತ್ತಿ’ ಎನ್ನುತ್ತಾನೆ. 2023ರಿಂದ ವಾಟ್ಸ್ಆಪ್‌ನೊಳಗೇ ಆ ಗುಂಡಿ ಇದೆ. ಮಗ ಟಿವಿಗೆ ಹಾಕುವಾಗ ಒತ್ತುವಂಥದ್ದೇ ಇದು ಎಂದುಕೊಂಡು ಒತ್ತುತ್ತಾರೆ. ಅಲ್ಲಿಂದ ಮುಂದೆ ಅವರ ಪರದೆಯಲ್ಲಿ ಬರುವ ಓಟಿಪಿಯನ್ನು ಅವನು ಕೂತಲ್ಲೇ ಓದುತ್ತಾನೆ.

ಆದ್ದರಿಂದ ಟಿವಿಗೆ ಜೋಡಿಸುವುದನ್ನು ಕಲಿಸುವ ದಿನವೇ ಇದನ್ನೂ ಕಲಿಸಿ. ಪರದೆ ನಮ್ಮ ಮನೆಯ ಟಿವಿಗೆ ಮಾತ್ರ, ಫೋನಿನಲ್ಲಿ ಮಾತಾಡುವ ಅಪರಿಚಿತನಿಗೆ ಎಂದೂ ಇಲ್ಲ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ, ‘ಡಿಜಿಟಲ್ ಅರೆಸ್ಟ್’ ಎಂದವನು ಕಳ್ಳನೇ. ದುಡ್ಡು ಹೋಯಿತೆಂದು ಗೊತ್ತಾದ ಕೂಡಲೇ, ನಾಚಿಕೆಪಟ್ಟು ಮುಚ್ಚಿಡದೆ, 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಆ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಒಂದು ಕಾಗದದ ಮೇಲೆ ಎರಡು ಸಾಲು ದಪ್ಪಕ್ಷರದಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಡಿಶ್ ಬಾಕ್ಸ್ ಯಾವ ಎಚ್‌ಡಿಎಂಐನಲ್ಲಿದೆ ಎಂಬುದು, ಎರಡನೆಯದರಲ್ಲಿ 1930. ಅದನ್ನು ರಿಮೋಟಿನ ಹಿಂಬದಿಗೆ ಅಂಟಿಸಿ, ಮೇಲೆ ಸೆಲೋಟೇಪು ಹಾಕಿ, ಅಮ್ಮನಿಂದ ಒಮ್ಮೆ ಓದಿಸಿ.