ಎಕನಾಮಿಕ್ಸ್ ಪೇಪರ್‌ಗೆ ಹೊಲದ ಲೆಕ್ಕ

ತಮ್ಮಾ, ಗಣಿತದ ಎಂ-3 ಪೇಪರ್ ಪಾಸಾದವನಿಗೆ ಎಕನಾಮಿಕ್ಸ್ ಹೆದರಿಕೆಯೇ? ವ್ಯಾಖ್ಯೆ ಉರು ಹೊಡೆಯುವುದು ಬಿಡು. ಅಫಜಲಪುರದ ಭೀಮಾ ದಂಡೆಯ ಹೊಲ ನೋಡು. ಕಬ್ಬು ಹಚ್ಚಿದರೆ ವರ್ಷವಿಡೀ ನೆಲ ಅದಕ್ಕೇ. ಕೈಬಿಟ್ಟ ತೊಗರಿಯ ಲಾಭವೇ ಕಬ್ಬಿನ ಆಪರ್ಚುನಿಟಿ ಕಾಸ್ಟ್. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಆಳಂದದ ಕಡೆ ಬೋರ್‌ವೆಲ್ ಕೊರೆಸಿ ನೀರು ಬೀಳಲಿಲ್ಲ ಎನ್ನು. ‘ಇಷ್ಟು ರೊಕ್ಕ ಸುರಿದೀವಿ, ಇನ್ನೂ ನೂರಡಿ ಇಳಿಸೋಣ’ ಅನ್ನುತ್ತಾರೆ. ಸುರಿದದ್ದು ಸಂಕ್ ಕಾಸ್ಟ್, ಲೆಕ್ಕಕ್ಕಿಲ್ಲ. ಮುಂದಿನ ನೂರಡಿಯ ಖರ್ಚು, ನೀರು ಸಿಗುವ ಸಾಧ್ಯತೆ ಇವೆರಡನ್ನೇ ತೂಗು.

2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆದರೂ ರಾಶಿ ಒಮ್ಮೆಗೇ ಮಾರುಕಟ್ಟೆಗೆ ಬಂದು, ಸರ್ಕಾರದ ಖರೀದಿ ತಡವಾದರೆ ಜೇವರ್ಗಿಯಲ್ಲಿ ಅಡತಿಯವರು ಹೇಳಿದ್ದೇ ದರ. ಪೂರೈಕೆ ರೇಖೆ ಬಲಕ್ಕೆ ಸರಿಯುವುದೆಂದರೆ ರಾಶಿ ಹೀಗೆ ಒಮ್ಮೆಗೇ ಬರುವುದು. ಚಿತ್ರ ಇದರಿಂದಲೇ ಬಿಡಿಸು.