ಎಲೆಗಳ ಮರೆಯ ಉಲಿಯಕ್ಕಿ

ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಹಿಮಾಲಯದಿಂದಲೂ ಅದರಾಚೆಯ ಮಧ್ಯ ಏಷ್ಯದಿಂದಲೂ ಒಂದು ಪುಟ್ಟ ಹಕ್ಕಿ ನಮ್ಮ ಮಾವು, ಹುಣಸೆ, ಹೊಂಗೆಯ ಮರಗಳನ್ನು ಅರಸಿಕೊಂಡು ಬರುತ್ತದೆ. ಅದೇ ಹಸಿರು ಎಲೆ ಉಲಿಯಕ್ಕಿ. ಗಾತ್ರದಲ್ಲಿ ಗುಬ್ಬಚ್ಚಿಗಿಂತ ಚಿಕ್ಕದು; ತೂಕ ಹತ್ತು ಗ್ರಾಮಿಗೂ ಕಡಿಮೆ. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳುಪು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು, ರೆಕ್ಕೆಗೆ ಅಡ್ಡವಾಗಿ ಒಂದು ತೆಳುವಾದ ಪಟ್ಟೆ.

ಇಷ್ಟು ತಿಳಿದ ಮಾತ್ರಕ್ಕೆ ಹಕ್ಕಿಯನ್ನು ಗುರುತಿಸಬಲ್ಲೆವೆಂದು ಭಾವಿಸಬಾರದು. ಎಲೆಗಳ ಅಡಿಯಲ್ಲಿ ಕೀಟಗಳನ್ನು ಹೆಕ್ಕುತ್ತ ಸಾಗುವ ಅದು ಕ್ಷಣಕಾಲವೂ ಒಂದೆಡೆ ನಿಲ್ಲದು. ರೆಕ್ಕೆಯ ಪಟ್ಟೆಯಾದರೋ ಗರಿ ಸವೆದಂತೆಲ್ಲ ಮಾಸಿ, ಕೆಲವೊಮ್ಮೆ ಕಾಣದಂತೆಯೇ ಆಗುತ್ತದೆ. ಸಾಲದುದಕ್ಕೆ, ಇದರ ದಾಯಾದಿಯಾದ ದೊಡ್ಡ ಕೊಕ್ಕಿನ ಎಲೆ ಉಲಿಯಕ್ಕಿಯೂ ಚಳಿಗಾಲದಲ್ಲಿ ಪಶ್ಚಿಮ ಘಟ್ಟಗಳ ಕಾಡಿಗೆ ಬರುತ್ತದೆ. ಅದರ ಹೆಸರಿನಲ್ಲಿರುವ ದೊಡ್ಡ ಕೊಕ್ಕು, ಮರದಡಿಯಲ್ಲಿ ಕತ್ತೆತ್ತಿ ನಿಂತವನಿಗೆ ಹೆಚ್ಚೇನೂ ನೆರವಾಗದು!

ಇಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಹಸಿರು ಉಲಿಯಕ್ಕಿಯದು 'ಚಿಸ್ವೀ' ಎಂಬ ಚುಟುಕು ಕೂಗು. ದೊಡ್ಡ ಕೊಕ್ಕಿನದು 'ಡಿರ್-ಟೀ' ಎಂದು ಸಿಳ್ಳೆ ಹಾಕುತ್ತದೆ. ಎರಡನೆಯ ಸ್ವರ ಮೇಲಕ್ಕೇರುತ್ತದೆ. ಚಳಿಗಾಲದುದ್ದಕ್ಕೂ ಹಸಿರು ಉಲಿಯಕ್ಕಿ ಒಂಟಿಯಾಗಿದ್ದು, ತನ್ನ ಪಾಲಿನ ಕೆಲವು ಮರಗಳನ್ನು ಇತರ ಉಲಿಯಕ್ಕಿಗಳಿಂದ ಕಾಯುತ್ತದೆ. ಆದುದರಿಂದ ಅದು ಮತ್ತೆ ಮತ್ತೆ ಕೂಗುತ್ತಲೇ ಇರುತ್ತದೆ. ಕೇಳುವ ತಾಳ್ಮೆಯಿದ್ದವರಿಗೆ ಇದೊಂದು ಉಪಕಾರವೇ ಸರಿ.

ಈ ಉಪಾಯ ಹೊಸದಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್, ಜನರು ಒಂದೇ ಎಂದು ಎಣಿಸಿದ್ದ ಇದೇ ಕುಲದ ಹಕ್ಕಿಗಳಲ್ಲಿ ಮೂರು ಜಾತಿಗಳಿವೆಯೆಂದು, ಅವುಗಳ ಸ್ವರಭೇದವನ್ನು ಹಿಡಿದು, 1768ರ ಒಂದು ಪತ್ರದಲ್ಲಿ ತಿಳಿಸಿದನು.