ಅಳಿಸುವ ಮುನ್ನ ಒಂದಿಷ್ಟು ಮಾತು

ಚಿ. ಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಕೆಲಸ ಹೇಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ, ಆ ಪಿಜಿಯಲ್ಲಿ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎಂದು ಕೇಳುವುದು ಬೇಕಾದಷ್ಟಿದೆ. ಆದರೆ ಮೊನ್ನೆ ಫೋನಿನಲ್ಲಿ ನೀನಂದ ಒಂದು ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. ಅದನ್ನೇ ಮೊದಲು ಬರೆಯುತ್ತೇನೆ. ನಿನ್ನ ಕೈಗೆ ಕೊಟ್ಟಿರುವ ಹಳೆಯ ಜಾಲತಾಣದ ಸ್ಟೈಲ್‌ಶೀಟಿನ ತುಂಬ ಅರ್ಥವಿಲ್ಲದ ಸಾಲುಗಳಿವೆ ಅಂದೆ. ಎಲ್ಲಿ ನೋಡಿದರೂ ಕ್ಲಿಯರ್‌ಫಿಕ್ಸ್, ಕೆಲವು ಕಡೆ ಜೂಮ್ 1, ಇನ್ನು ಕೆಲವು ಕಡೆ ಎತ್ತರ ಶೇಕಡಾ 1, ಗುಣದ ಹೆಸರಿನ ಮುಂದೆ ಒಂದು ನಕ್ಷತ್ರ. ಎಲ್ಲವನ್ನೂ ಒಂದೇ ಏಟಿಗೆ ಅಳಿಸಿಬಿಡುತ್ತೇನೆ ಅಂದೆ. ಅಳಿಸು ಕಣೇ, ಬೇಡ ಅನ್ನುವವಳಲ್ಲ ನಾನು. ಆದರೆ ಆ ಸಾಲುಗಳು ಯಾಕೆ ಬಂದವು ಅನ್ನುವುದು ನನಗೆ ಗೊತ್ತು. ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರಲು ಆಗುತ್ತಿಲ್ಲ.

ಆ ಸಾಲುಗಳೆಲ್ಲ ಬಂದದ್ದು ಫ್ಲೋಟ್ ಎಂಬ ಗುಣದಿಂದಾಗಿ. ಫ್ಲೋಟ್ ಹುಟ್ಟಿದ್ದು ಪುಟ ಕಟ್ಟುವುದಕ್ಕಲ್ಲ. ಪತ್ರಿಕೆಯಲ್ಲಿ ಚಿತ್ರವೊಂದು ಎಡಕ್ಕೋ ಬಲಕ್ಕೋ ನಿಂತು, ಅಕ್ಷರಗಳು ಅದನ್ನು ಬಳಸಿಕೊಂಡು ಇಳಿಯುತ್ತವಲ್ಲ, ಅಷ್ಟೇ ಅದರ ಕೆಲಸ. ನೆಟ್‌ಸ್ಕೇಪಿನ ಕಾಲದಲ್ಲಿ ಚಿತ್ರದ ಟ್ಯಾಗಿನೊಳಗೇ ಎಡ, ಬಲ ಎಂದು ಬರೆಯುತ್ತಿದ್ದರು. ಅಕ್ಷರ ಚಿತ್ರದ ಪಕ್ಕ ಸಾಕು, ಇನ್ನು ಕೆಳಗಿಳಿಯಲಿ ಅನ್ನಿಸಿದಾಗ ಬಿಆರ್ ಟ್ಯಾಗಿಗೆ ಕ್ಲಿಯರ್ ಅಂಟಿಸುತ್ತಿದ್ದರು. 1996ರ ಡಿಸೆಂಬರಿನಲ್ಲಿ ಹೊಕನ್ ವಿಯುಮ್ ಲೀ ಮತ್ತು ಬರ್ಟ್ ಬಾಸ್ ಅವರ ಸಿಎಸ್‌ಎಸ್ ಮೊದಲ ಆವೃತ್ತಿ ಬಂದಾಗ ಫ್ಲೋಟ್, ಕ್ಲಿಯರ್ ಎಂಬ ಹೆಸರಿನಲ್ಲಿ ಈ ಎರಡೂ ಯಾವ ಪೆಟ್ಟಿಗೆಗೆ ಬೇಕಾದರೂ ಹಾಕಬಹುದಾದ ಗುಣಗಳಾದವು. ಆಮೇಲೆ ಟೇಬಲ್ಲಿನೊಳಗೆ ಟೇಬಲ್, ಅದರೊಳಗೆ ಇನ್ನೊಂದು ಟೇಬಲ್ ಇಟ್ಟು ಪುಟ ಕಟ್ಟಿ ಬೇಸತ್ತಿದ್ದ ನಮ್ಮಂಥವರಿಗೆ, ಎರಡು ಕಾಲಮ್ಮುಗಳನ್ನು ಅಕ್ಕಪಕ್ಕ ನಿಲ್ಲಿಸಲು ಫ್ಲೋಟ್ ಸಿಕ್ಕಿತು. ಚಿತ್ರಕ್ಕೆಂದು ಹೊಲಿದ ಅಂಗಿಯನ್ನು ಇಡೀ ಪುಟಕ್ಕೆ ತೊಡಿಸಿದೆವು. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಯಿತು.

ಫ್ಲೋಟ್ ಆದ ಪೆಟ್ಟಿಗೆ ಪುಟದ ಹರಿವಿನಿಂದ ಹೊರಗೆ ಹೋಗುತ್ತದೆ. ಅದನ್ನು ಹೊತ್ತ ಹೊರಪೆಟ್ಟಿಗೆ ತನ್ನ ಎತ್ತರವನ್ನು ಲೆಕ್ಕ ಹಾಕುವಾಗ ಹರಿವಿನಲ್ಲಿ ಉಳಿದಿರುವವರನ್ನು ಮಾತ್ರ ಎಣಿಸುತ್ತದೆ. ಒಳಗಿದ್ದವರೆಲ್ಲ ಫ್ಲೋಟ್ ಆದರೆ ಎತ್ತರ ಸೊನ್ನೆ. ಹಿನ್ನೆಲೆಯ ಬಣ್ಣ ಮಾಯ, ಅಂಚಿನ ಗೆರೆ ಮೇಲೆ ಮುದುಡಿಕೊಂಡು ನಿಲ್ಲುತ್ತದೆ, ಫೂಟರ್ ಬಂದು ಕಾಲಮ್ಮಿನ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ಇದನ್ನು ಬ್ರೌಸರಿನ ದೋಷ ಎಂದು ಬೈದವರು ಬಹಳ. ಆದರೆ ಅದು ದೋಷವಲ್ಲ ಮಗಳೇ. ಎರಡೇ ಸಾಲಿನ ಒಂದು ಪ್ಯಾರಾದಲ್ಲಿ ಎತ್ತರದ ಚಿತ್ರವಿದ್ದರೆ, ಆ ಚಿತ್ರ ಮುಂದಿನ ಪ್ಯಾರಾದ ಪಕ್ಕಕ್ಕೂ ಇಳಿಯಬೇಕು, ಮುಂದಿನ ಪ್ಯಾರಾ ಅದನ್ನು ಬಳಸಿಕೊಂಡು ಸಾಗಬೇಕು. ಹೊರಪೆಟ್ಟಿಗೆ ಚಿತ್ರದಷ್ಟೇ ಉದ್ದ ಹಿಗ್ಗಿದ್ದರೆ ಪ್ರತಿ ಚಿತ್ರದ ಕೆಳಗೂ ಬಿಳಿ ಜಾಗ ಬಾಯಿ ತೆರೆದುಕೊಂಡಿರುತ್ತಿತ್ತು. ಬರಹದ ಪುಟಕ್ಕೆ ಈ ನಿಯಮ ಸರಿಯೇ. ವಿನ್ಯಾಸಕ್ಕೆ ಸರಿಹೋಗಲಿಲ್ಲ, ಅಷ್ಟೆ.

ಮೊದಲಿಗೆ ಎಲ್ಲರೂ ಮಾಡಿದ್ದು ಒಂದೇ. ಕಾಲಮ್ಮುಗಳು ಮುಗಿದ ಕೂಡಲೇ ಒಂದು ಖಾಲಿ ಡಿವ್ ಇಟ್ಟು ಅದಕ್ಕೆ ಕ್ಲಿಯರ್ ಬೋತ್ ಕೊಡುವುದು. ಫ್ಲೋಟುಗಳ ಕೆಳಗೆ ಇಳಿಯಲೇಬೇಕಾದ ಆ ಖಾಲಿ ಡಿವ್ ಹರಿವಿನಲ್ಲೇ ಇರುವುದರಿಂದ, ಅದರ ತನಕ ಹೊರಪೆಟ್ಟಿಗೆ ಹಿಗ್ಗುತ್ತದೆ. ಎಲ್ಲ ಬ್ರೌಸರಿನಲ್ಲೂ ನಡೆಯುತ್ತಿತ್ತು. ಆದರೆ ಪುಟದ ತುಂಬ ಏನೂ ಹೇಳದ ಟ್ಯಾಗುಗಳು. ನಿನ್ನ ತಾಣದ ಒಳಪುಟಗಳಲ್ಲಿ ಇಂಥವು ಇನ್ನೂ ಸಿಕ್ಕಿಯಾವು, ನೋಡು.

2004ರ ಹೊತ್ತಿಗೆ ಟೋನಿ ಆಸ್ಲೆಟ್ ಎಂಬವರ ಉಪಾಯ ಹಬ್ಬಿತು, ನೀನಂದ ಕ್ಲಿಯರ್‌ಫಿಕ್ಸ್ ಅದೇ. ಟ್ಯಾಗಿನ ಬದಲು ಆಫ್ಟರ್ ಎಂಬ ತೋರಿಕೆಯ ಅಂಶದಲ್ಲಿ ಒಂದು ಚುಕ್ಕಿ ಹುಟ್ಟಿಸುವುದು, ಅದನ್ನು ಬ್ಲಾಕ್ ಮಾಡಿ, ಎತ್ತರ ಸೊನ್ನೆ ಮಾಡಿ, ಕಣ್ಣಿಗೆ ಬೀಳದಂತೆ ಅಡಗಿಸಿ, ಕ್ಲಿಯರ್ ಕೊಡುವುದು. ಆ ಚುಕ್ಕಿಯನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷವನ್ನು ಈಗ ಹೇಳಿದರೆ ನಿನಗೆ ಅರ್ಥವಾಗುತ್ತದೋ ಇಲ್ಲವೋ. ಎಚ್‌ಟಿಎಂಎಲ್ ಮುಟ್ಟದೆ ಕೆಲಸ ಆಗಿಬಿಟ್ಟಿತ್ತು! ಆದರೆ 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಆಫ್ಟರ್ ಗೊತ್ತಿರಲಿಲ್ಲ. 2006ರ 7ಕ್ಕೂ ಗೊತ್ತಿರಲಿಲ್ಲ. 2009ರಲ್ಲಿ 8 ಬರುವ ತನಕ ಕಾಯಬೇಕಾಯಿತು. ನಮ್ಮ ಪುಟಗಳ ಓದುಗರಲ್ಲಿ ಹೆಚ್ಚಿನವರು ಆ ಹಳೆಯದರಲ್ಲೇ ಇದ್ದರು. ಸೈಬರ್ ಕೆಫೆಗಳಲ್ಲೂ ಅದೇ, ಸರ್ಕಾರಿ ಕಚೇರಿಗಳಲ್ಲೂ ಅದೇ.

ಆ ಬ್ರೌಸರಿಗೆ ತನ್ನದೇ ಒಂದು ಒಳಗುಣವಿತ್ತು, ಹ್ಯಾಸ್‌ಲೇಔಟ್ ಅಂತ. ಅದು ಎಚ್ಚರಗೊಂಡ ಪೆಟ್ಟಿಗೆ ತನ್ನೊಳಗಿನ ಫ್ಲೋಟುಗಳನ್ನು ತಾನಾಗಿಯೇ ಸುತ್ತುವರಿಯುತ್ತಿತ್ತು. ಎಚ್ಚರಿಸುವ ಬಗೆ ಏನೆಂದರೆ ಎತ್ತರ ಶೇಕಡಾ 1 ಎಂದು ಬರೆಯುವುದು. 6ನೆಯದು ಅಷ್ಟಕ್ಕೇ ಎದ್ದು, ಹೇಳಿದ ಎತ್ತರವನ್ನು ಲೆಕ್ಕಿಸದೆ ಒಳಗಿರುವಷ್ಟಕ್ಕೂ ಹಿಗ್ಗುತ್ತಿತ್ತು. ಹಾಲಿ ಬರ್ಗೆವಿನ್ ಅವರ ಹೆಸರಿನಲ್ಲಿ ಅದನ್ನು ಹಾಲಿ ಹ್ಯಾಕ್ ಎಂದು ಕರೆದರು. 7ನೆಯದರಲ್ಲಿ ಆ ಉಪಾಯ ನಡೆಯಲಿಲ್ಲ. ಅದಕ್ಕೆ ಜೂಮ್ 1 ಬಂತು. ಗುಣದ ಹೆಸರಿನ ಮುಂದಿನ ನಕ್ಷತ್ರ ಆ ಎರಡು ಬ್ರೌಸರುಗಳಿಗೆ ಮಾತ್ರ ಓದಲು ಬರುವ ಗುರುತು, ಬೇರೆಯವು ಅದನ್ನು ತಪ್ಪೆಂದು ಬಿಟ್ಟು ಮುಂದೆ ಹೋಗುತ್ತವೆ. ಮ್ಯಾಕಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ಕ್ಕೆ ಇನ್ನೊಂದು ಬಗೆ. ಕಾಮೆಂಟಿನ ಕೊನೆಯಲ್ಲಿ ಒಂದು ಹಿಮ್ಮುಖ ಓರೆಗೆರೆ ಇಟ್ಟರೆ ಕಾಮೆಂಟು ಮುಗಿದದ್ದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಅದಕ್ಕೆ ಕಾಣಬಾರದ್ದನ್ನು ಆ ಗೆರೆಯ ಹಿಂದೆ ಅಡಗಿಸುತ್ತಿದ್ದೆವು. ನೀನು ಅರ್ಥವಿಲ್ಲ ಅಂದೆಯಲ್ಲ, ಪುಟ್ಟಿ, ಒಂದೊಂದು ಸಾಲೂ ಒಂದೊಂದು ಬ್ರೌಸರಿನ ವಿಳಾಸ.

ಕನ್ನಡದ ಪುಟಗಳಿಗೆ ಇನ್ನೊಂದು ಕಾಟವೂ ಇತ್ತು. ನಮ್ಮ ಪದಗಳು ಉದ್ದ. 'ವಿಶ್ವವಿದ್ಯಾನಿಲಯಗಳಲ್ಲಿರುವವರಿಗೆ' ಎಂಬುದು ಸಣ್ಣ ಪಕ್ಕದ ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ. ಫೈರ್‌ಫಾಕ್ಸಿನಲ್ಲಿ ಪದ ಹೊರಗೆ ಚಾಚಿಕೊಳ್ಳುತ್ತಿತ್ತು, ಪೆಟ್ಟಿಗೆ ಇದ್ದಲ್ಲೇ ಇರುತ್ತಿತ್ತು. ಎಕ್ಸ್‌ಪ್ಲೋರರ್ 6 ಮಾತ್ರ ಪೆಟ್ಟಿಗೆಯನ್ನೇ ಅಗಲ ಮಾಡಿಬಿಡುತ್ತಿತ್ತು. ಆಗ ಪಕ್ಕದಲ್ಲಿ ಜಾಗ ಸಾಲದೆ ಇಡೀ ಕಾಲಮ್ಮು ಕೆಳಗೆ ಬೀಳುತ್ತಿತ್ತು. ಒಂದೇ ಪದ ಇಡೀ ಪುಟವನ್ನು ಕೆಡವಿದ್ದನ್ನು ನೋಡಿದವಳು ನಾನು. ಕ್ಲಿಯರ್ ಬಿಟ್ಟುಹೋಗಿದೆಯೇ ಎಂದು ಹುಡುಕುತ್ತ ಕೂತರೆ ಕಾರಣ ಅಲ್ಲಿರುವುದೇ ಇಲ್ಲ.

ಆಮೇಲೆ 2011ರಲ್ಲಿ ನಿಕೋಲಸ್ ಗ್ಯಾಲಗರ್ ಆ ಕ್ಲಿಯರ್‌ಫಿಕ್ಸನ್ನೇ ಚಿಕ್ಕದು ಮಾಡಿದರು. ಚುಕ್ಕಿಯ ಬದಲು ಒಂದು ಖಾಲಿ ಜಾಗ, ಬ್ಲಾಕಿನ ಬದಲು ಟೇಬಲ್, ಜೊತೆಗೆ ಬಿಫೋರ್ ಕೂಡ. ನಿನ್ನ ಫೈಲಿನಲ್ಲಿರುವುದು ಬಹುಶಃ ಇದೇ. ಇಲ್ಲಿ ಬಿಫೋರ್ ಯಾಕೆ ಎಂದು ಕೇಳಿಕೊಳ್ಳಬೇಕು. ಫ್ಲೋಟು ತೆರವಿಗೆ ಅದು ಬೇಕೇ ಇಲ್ಲ. ಒಳಗಿನ ಮೊದಲ ಅಂಶದ ಮೇಲಿನ ಮಾರ್ಜಿನ್ ಹೊರಪೆಟ್ಟಿಗೆಯನ್ನು ದಾಟಿ ಆಚೆ ಸೋರದಂತೆ ಅದು ತಡೆಯುತ್ತದೆ. ಹಳೆಯ ಎಕ್ಸ್‌ಪ್ಲೋರರುಗಳಲ್ಲಿ ಜೂಮಿನಿಂದ ಹಾಗೇ ಆಗುತ್ತಿತ್ತು, ಎಲ್ಲ ಕಡೆ ಒಂದೇ ಥರ ಕಾಣಲಿ ಎಂದು ಅದನ್ನು ಸೇರಿಸಿದ್ದು. ಖಾಲಿ ಜಾಗ ಇಟ್ಟದ್ದು ಒಪೆರಾದ ಒಂದು ದೋಷಕ್ಕೆ. ಎಷ್ಟು ಜನರನ್ನು ನೆನೆದು ಬರೆದ ನಾಲ್ಕು ಸಾಲು ನೋಡು.

ಓವರ್‌ಫ್ಲೋ ಹಿಡನ್ ಎಂಬ ದಾರಿಯೂ ಇತ್ತು, ನನಗೆ ಅದು ಎಂದೂ ಪೂರ್ತಿ ಹಿಡಿಸಲಿಲ್ಲ. ಅದರಿಂದ ಹೊಸ ಬ್ಲಾಕ್ ಫಾರ್ಮ್ಯಾಟಿಂಗ್ ಕಾಂಟೆಕ್ಸ್ಟ್ ಹುಟ್ಟುತ್ತದೆ, ಅಂಥ ಪೆಟ್ಟಿಗೆ ಎತ್ತರ ಲೆಕ್ಕ ಹಾಕುವಾಗ ಫ್ಲೋಟುಗಳನ್ನೂ ಎಣಿಸುತ್ತದೆ. ಸರಿ, ಆದರೆ ಹೊರಗೆ ಚಾಚಿದ್ದೆಲ್ಲ ಕತ್ತರಿಸಿ ಹೋಗುತ್ತದೆ. ಮೆನುವಿನಿಂದ ಇಳಿಬೀಳುವ ಪಟ್ಟಿ ಅರ್ಧಕ್ಕೇ ಮಾಯ, ನೆರಳು ಮಾಯ. ಆದ್ದರಿಂದ ಆ ಸಾಲು ಸಿಕ್ಕಲ್ಲೆಲ್ಲ ಎರಡು ಸಲ ನೋಡು. ಫ್ಲೋಟಿಗೆಂದು ಹಾಕಿದ್ದೋ, ನಿಜವಾಗಿ ಏನನ್ನೋ ಕತ್ತರಿಸಲು ಹಾಕಿದ್ದೋ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ.

ಈಗ ನಿನ್ನ ಕಾಲದ ದಾರಿ. ಡಿಸ್‌ಪ್ಲೇ ಫ್ಲೋ-ರೂಟ್. 2017ರಲ್ಲಿ ಕ್ರೋಮ್ 58, ಫೈರ್‌ಫಾಕ್ಸ್ 53ರಲ್ಲಿ ಬಂತು, 2019ರಲ್ಲಿ ಸಫಾರಿ 13ರಲ್ಲಿ, 2020ರಲ್ಲಿ ಎಡ್ಜ್ 79ರಲ್ಲಿ. ಹ್ಯಾಕ್ ಇಲ್ಲ, ಚುಕ್ಕಿ ಇಲ್ಲ, ಕತ್ತರಿಯೂ ಇಲ್ಲ. ಒಂದೇ ಸಾಲು. ನಮಗೆ ಬೇಕಿದ್ದದ್ದನ್ನು ಕೊನೆಗೂ ಅದರದೇ ಹೆಸರಿನಲ್ಲಿ ಕೊಟ್ಟರು. ಇನ್ನು ಕಾಲಮ್ಮುಗಳಿಗೆ ಫ್ಲೆಕ್ಸ್, ಗ್ರಿಡ್ ಇರುವಾಗ ಫ್ಲೋಟು ಅಲ್ಲಿ ಬೇಕಿಲ್ಲ. ಚಿತ್ರದ ಸುತ್ತ ಅಕ್ಷರ ಹರಿಸುವ ತನ್ನ ಮೊದಲ ಕೆಲಸಕ್ಕೆ ಅದು ಮರಳಿದೆ.

ಹಾಗಿದ್ದರೂ ಎಲ್ಲ ಕ್ಲಿಯರ್‌ಫಿಕ್ಸನ್ನೂ ಫ್ಲೋ-ರೂಟ್ ಎಂದು ಒಂದೇ ಸಲಕ್ಕೆ ಬದಲಿಸಿದರೆ ಪುಟ ಅಲ್ಲಾಡುತ್ತದೆ, ಕಂದಾ. ಚುಕ್ಕಿಯ ಕಾಲದ ಸಾಲುಗಳಲ್ಲಿ ಮಾರ್ಜಿನ್ ಹೊರಗೆ ಸೋರುತ್ತಿತ್ತು, ಫ್ಲೋ-ರೂಟಿನಲ್ಲಿ ಒಳಗೇ ನಿಲ್ಲುತ್ತದೆ, ಅಂತರಗಳು ಬದಲಾಗುತ್ತವೆ. ಇನ್ನೊಂದು ಸೂಕ್ಷ್ಮ. ಎಡಪಟ್ಟಿ ಫ್ಲೋಟ್ ಆಗಿದ್ದು, ನಡುವಿನ ಬರಹ ಬರೀ ಎಡ ಮಾರ್ಜಿನ್ನಿನ ಮೇಲೆ ನಿಂತಿದ್ದರೆ, ಅದರೊಳಗಿನ ಕ್ಲಿಯರ್‌ಫಿಕ್ಸ್ ಎಡಪಟ್ಟಿಯನ್ನೂ ದಾಟಿ ಕೆಳಗಿಳಿಯುತ್ತದೆ. ಬರಹದ ನಡುವೆ ಪಟ್ಟಿಯಷ್ಟು ಉದ್ದದ ಖಾಲಿ. ಹ್ಯಾಸ್‌ಲೇಔಟ್ ಇದ್ದ ಎಕ್ಸ್‌ಪ್ಲೋರರಿನಲ್ಲಿ ಆ ಖಾಲಿ ಕಾಣುತ್ತಲೇ ಇರಲಿಲ್ಲ, ಫೈರ್‌ಫಾಕ್ಸಿನಲ್ಲಿ ಕಾಣುತ್ತಿತ್ತು. ಅದನ್ನು ಮುಚ್ಚಲು ಯಾರೋ ಋಣ ಮಾರ್ಜಿನ್ ಹಾಕಿರಬಹುದು. ನೀನು ಫ್ಲೋ-ರೂಟ್ ಹಾಕಿದ ಕೂಡಲೇ ಖಾಲಿ ಹೋಗಿ, ಆ ಋಣ ಮಾರ್ಜಿನ್ ಅಕ್ಷರಗಳನ್ನು ಮೇಲಕ್ಕೆಳೆದು ಒಂದರ ಮೇಲೊಂದು ಕೂರಿಸುತ್ತದೆ.

ನಾನು ಹೇಳಬೇಕೆಂದಿದ್ದು ಇಷ್ಟೇ. ಒಂದು ಸಾಲನ್ನು ಅಳಿಸುವ ಮುನ್ನ ಅದು ಯಾವ ಬ್ರೌಸರಿಗಾಗಿ ಬರೆದದ್ದು ಎಂದು ತಿಳಿದುಕೋ. ಆ ಬ್ರೌಸರು ಇನ್ನೂ ನಿನ್ನ ತಾಣಕ್ಕೆ ಬರುತ್ತಿದೆಯೇ ಎಂದು ನೋಡು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ 2022ರ ಜೂನಿನಲ್ಲಿ ಮೈಕ್ರೋಸಾಫ್ಟ್ ವಿದಾಯ ಹೇಳಿತು. ಆದ್ದರಿಂದ ನಕ್ಷತ್ರ, ಜೂಮ್, ಶೇಕಡಾ 1 ಇವನ್ನು ನಿಶ್ಚಿಂತೆಯಿಂದ ತೆಗೆ. ಉಳಿದದ್ದನ್ನು ಒಂದೊಂದಾಗಿ ಬದಲಿಸು, ಪ್ರತಿ ಸಲವೂ ಪುಟ ತೆರೆದು ನೋಡು. ನೀನು ಬರೆಯುವ ಹೊಸ ಸಾಲಿನ ಪಕ್ಕದಲ್ಲಿ ಯಾಕೆ ಬರೆದೆ ಅನ್ನುವುದನ್ನೂ ಒಂದು ಕಾಮೆಂಟಿನಲ್ಲಿ ಬರೆದಿಡು. ನಿನ್ನ ಕೈಗೆ ಬಂದ ಫೈಲಿನಲ್ಲಿ ಆ ಕಾಮೆಂಟುಗಳಿದ್ದಿದ್ದರೆ ಈ ಉದ್ದನೆಯ ಕಾಗದ ಬೇಕಾಗುತ್ತಿರಲಿಲ್ಲ.

ಎಡಪಟ್ಟಿ ಇರುವ ಪುಟಗಳಿಂದಲೇ ಶುರುಮಾಡು, ತೊಡಕೆಲ್ಲ ಅಲ್ಲೇ ಇರುತ್ತದೆ. ಶುಕ್ರವಾರ ಸಂಜೆ ಮಾತ್ರ ಏನನ್ನೂ ಲೈವ್ ಮಾಡಬೇಡ, ರಾತ್ರಿಯೆಲ್ಲ ಕೂರಬೇಕಾದೀತು. ಚಟ್ನಿಪುಡಿ ಮಾಡಿಟ್ಟಿದ್ದೇನೆ, ನಿಮ್ಮಪ್ಪ ಆ ಕಡೆ ಬರುವಾಗ ಕೊಟ್ಟು ಕಳಿಸುತ್ತೇನೆ.

ಇತಿ ನಿನ್ನ ಪ್ರೀತಿಯ
ದೊಡ್ಡಮ್ಮ